ತುಲಿ

ಎಸ್ಟೋನಿಯಾದ ಭಾಷೆಯಲ್ಲಿ ತುಲಿ ಅಂದರೆ ಬೆಂಕಿ.
ತುಲಿ ಅಂದರೆ ಬಂದ, ಬಂದಳು, ಬಂತು ಕೂಡ.
ನಮ್ಮ ಹತ್ತನ್ನು ಎಣಿಸಲೂಬಹುದು, ಏರಲೂಬಹುದು,
ಅದಕ್ಕಾಗಿ ಯಾರೂ ನಿದ್ದೆಗೆಟ್ಟಿದ್ದು ಕಾಣೆ.
ಉರ್ವೆ ನಿದ್ದೆಗೆಡುತ್ತಾಳೆ. ಅವಳ ಸಂಬಳವೇ ಅದಕ್ಕೆ.

ತಾರ್ತು ಪಟ್ಟಣ. ಡಿಸೆಂಬರು. ಮೂರೂಕಾಲಿಗೇ ದೀಪ.
ನದಿಯ ಮೇಲೆ ಮಂಜು ಇನ್ನೂ ಹಾಲಿನ ಕೆನೆಯಷ್ಟು ತೆಳ್ಳಗೆ.
ಮೂರನೇ ಮಹಡಿಯಲ್ಲಿ,
ಹಳೆಯ ಕಾಗದಗಳನ್ನು ಹುಡುಕಿಕೊಡುವ ಯಂತ್ರಕ್ಕೆ
ಅವಳು ಪರೀಕ್ಷೆ ಬರೆಯುತ್ತಾಳೆ.
ಬರೆಯುವವಳು ಇವಳು,
ಪಾಸಾಗಬೇಕಾದ್ದು ಅದು.

ಲಕ್ಷ ಕಾಗದ ಬೇಕಿಲ್ಲ ಪರೀಕ್ಷೆಗೆ, ಮೂರು ಸಾಕು.
ಒಂದು: ಗಿರಣಿಗೆ ಬಿದ್ದ ಬೆಂಕಿ, ಸುಟ್ಟ ಚೀಲಗಳ ಲೆಕ್ಕ.
ಎರಡು: ಅಪ್ಪ ಮನೆಗೆ ಬಂದ.
ಮೂರು: ಚರ್ಚಿನ ಒಲೆ, ಬೆಂಕಿ ಹಿಡಿಯದ ಹಸಿ ಸೌದೆಯ ಬಗ್ಗೆ ದೂರು.

ಅಳೆಯಲು ತಾನೇ ಮಾಡಿಕೊಂಡ ಸೇರು, ಪಾವು, ಚಟಾಕುಗಳಿವೆ:
'ಸಿಗಲೇಬೇಕು'
'ಸಿಗಕೂಡದು'
'ಯಾವ ಸರದಿಯಲ್ಲಾದರೂ ಸರಿ'
'ಹೆಚ್ಚುಕಮ್ಮಿ ಇಷ್ಟು'.
ಕೊನೆಯದನ್ನು ಅವಳು ಮುಟ್ಟುವುದು ಕಡಿಮೆ.

ಇಲ್ಲಿ ಪದಕ್ಕೆ ಹದಿನಾಲ್ಕು ವಿಭಕ್ತಿ,
ನಮ್ಮ ಏಳಕ್ಕೆ ಎರಡರಷ್ಟು.
ಬೆಂಕಿಯ, ಬೆಂಕಿಯೊಳಕ್ಕೆ, ಬೆಂಕಿಯೊಳಗಿಂದ, ಬೆಂಕಿಯಿಲ್ಲದೆ,
ಎಲ್ಲ ಬಾಲ ಕತ್ತರಿಸಿ ಬುಡ ಹಿಡಿಯಬೇಕು ಯಂತ್ರ.
ನಿನ್ನೆ ಕತ್ತರಿಗೆ ಸಾಣೆ ಹಿಡಿದರು.
ಇವತ್ತು ಪರದೆ ಕೆಂಪು:

ನಿರೀಕ್ಷಿಸಿದ್ದು: ಒಂದು, ಮೂರು, ಯಾವ ಸರದಿಯಲ್ಲಾದರೂ ಸರಿ.
ಸಿಕ್ಕಿದ್ದು: ಎರಡು, ಒಂದು, ಮೂರು.

ಬೆಂಕಿ ಎಲ್ಲಿ ಅಂದರೆ
ಅಪ್ಪ ಬಂದ ಅನ್ನುತ್ತಿದೆ,
ಅದೂ ಎಲ್ಲರಿಗಿಂತ ಮೊದಲು.

ತಾನೆಲ್ ಕೋಟು ಹಾಕಿಕೊಂಡೇ ಬಗ್ಗಿ ನೋಡಿದ.
'ನಿರೀಕ್ಷೆಯನ್ನೇ ಸಡಿಲ ಮಾಡಿಬಿಡಿ.
ಖಾಲಿಯಲ್ಲ ಅಂತ ಬರೆದರೆ ಮುಗೀತು, ಹಸಿರು.'
'ಖಾಲಿಯಲ್ಲ!
ಗಂಡು ಹೇಗಿರಬೇಕಮ್ಮಾ ಅಂದರೆ
ಇರಬೇಕು ಅಂದ ಹಾಗಾಯಿತು.'
ಅವನು ಕೋಟು ಬಿಚ್ಚಿ ಕುರ್ಚಿ ಎಳೆದುಕೊಂಡ.

ಎರಡನೇ ಕಾಗದವನ್ನು ಬರೆದವಳು ಅವಳೇ,
ಏಳು ವರ್ಷದ ಕೆಳಗೆ, ಬಾಯಿಗೆ ಬಂದದ್ದು.
ಹಾಗೆಂದೇ ಅಂದುಕೊಂಡಿದ್ದಳು.

ವಿಲ್ಯಾಂದಿ ಊರು. ಬೆಂಕಿ ಆರಿಸುವವರ ವಸತಿ.
ರಾತ್ರಿ ಸೈರನ್ ಕೂಗಿದರೆ
ಕಿಟಕಿಯ ಹತ್ತಿರ ನಿಂತು ಅಮ್ಮ ಅನ್ನುತ್ತಿದ್ದಳು: ತುಲಿ.
ಬೆಳಗಿನ ಜಾವ ಮೆಟ್ಟಿಲಲ್ಲಿ ಬೂಟಿನ ಸದ್ದಾದರೆ
ಅದೇ ಕಿಟಕಿ, ಅದೇ ದನಿ: ತುಲಿ.
ಹೊದಿಕೆಯೊಳಗಿನ ಐದು ವರ್ಷದ ಕಿವಿಗೆ
ಯಾವುದು ನಾಮಪದ, ಯಾವುದು ಕ್ರಿಯಾಪದ?
ಮೊದಲು ಮಸಿಯ ವಾಸನೆ ಒಳಗೆ ಬರುತ್ತಿತ್ತು,
ಆಮೇಲೆ ಶಿರಸ್ತ್ರಾಣ ನೆಲಕ್ಕಿಟ್ಟ ಶಬ್ದ,
ಆಮೇಲೆ, ಬಹಳ ಹೊತ್ತಿನ ಮೇಲೆ, ಅಪ್ಪ.

ಯಂತ್ರ ತಪ್ಪಿತು ಅನ್ನಲು ಅವಳಿಗೆ
ಒಂದು ಕಾಫಿಯಷ್ಟು ಹೊತ್ತು ಹಿಡಿಯಿತು.

ತಪ್ಪೇ. ಗಿರಣಿಯ ಬೆಂಕಿ ಹುಡುಕಿ ಬಂದವರಿಗೆ
ಅವಳ ಅಪ್ಪನಿಂದೇನು?
ಹಿಂದಿನ ಪದವನ್ನೂ ನೋಡಿ ಕತ್ತರಿಸು,
ಬಂದವನು ಯಾರೆಂದು ಅಲ್ಲೇ ಹೇಳಿದ್ದರೆ ಅದು ಬೆಂಕಿಯಲ್ಲ
ಅಂತ ತಾನೆಲ್ ಎಂಟು ಸಾಲು ಬರೆದ, ಮೂರು ಅಳಿಸಿದ.
ಅವಳು ಒಂದೇ ಸಾಲು ಸೇರಿಸಿದಳು.
ಸಿಗಕೂಡದು: ಎರಡು.
ಬೆರಳು ಎರಡು ಸಲ ತಪ್ಪಿ, ಮೂರನೇ ಸಲ ಸರಿಯಾಗಿ.

ಹಸಿರು.

ಇನ್ನೊಂದು ಪರೀಕ್ಷೆ ತೆರೆದಳು. ಬರು ಅಂತ ಹುಡುಕಿದಳು.
ಸಿಕ್ಕಿದ್ದು: ಎರಡು. ಅದೊಂದೇ.
ಏನನ್ನು ನಿರೀಕ್ಷಿಸಿದ್ದೆ ಎಂದು ಬರೆಯುವ ಜಾಗದಲ್ಲಿ
ಗೆರೆಯೊಂದು ಮಿಣುಕುತ್ತಾ ನಿಂತಿತ್ತು.

ಅಷ್ಟರಲ್ಲಿ ಕಿಟಕಿಯ ಹತ್ತಿರ ನಿಂತಿದ್ದ ತಾನೆಲ್,
ಮಫ್ಲರು ಸುತ್ತುತ್ತಾ, ಕೆಳಗಿನ ರಸ್ತೆ ನೋಡುತ್ತಾ ಅಂದ:
'ತುಲಿ!'

ಬಸ್ಸು.
ಗೊತ್ತಿತ್ತು ಅವಳಿಗೆ, ಬಸ್ಸೇ ಅಂತ.
ಆದರೂ ತಲೆಯೆತ್ತಿ
ಒಂದು ಸಲ ಗಾಳಿಯ ವಾಸನೆ ನೋಡಿದಳು.